ಅಪ್‌ಡೇಟ್: ಟಿಸಿ ಇಲ್ಲದೆಯೂ ಮಗುವನ್ನು ಶಾಲೆಗೆ ಸೇರಿಸಿಕೊಂಡರು
ಅಕ್ಕ ಗಂಡನ ಮನೆ ಬಿಟ್ಟು ಮಗಳ ಜೊತೆ ಮಂಜೇಶ್ವರಕ್ಕೆ ಬಂದಿದ್ದಾಳೆ, ಟಿಸಿ (ಹಳೇ ಶಾಲೆ ಕೊಡುವ ವರ್ಗಾವಣೆ ಪತ್ರ) ಇಲ್ಲ, ಮಗು ಮಂಕಾಗಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಅಕ್ಕನ ಮಗಳು ಇಲ್ಲಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಎರಡನೇ ಕ್ಲಾಸು!

ಹಳೇ ಶಾಲೆಗೆ ಫೋನ್ ಮಾಡಿ ಅಂದಿದ್ದಿರಲ್ವಾ, ಅದರಿಂದ ಏನೂ ಆಗಲಿಲ್ಲ. ಸೀದಾ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ಕೆಲಸ ಆದದ್ದು ಅದರಿಂದಲೇ. ಟಿಸಿ ತಡವಾಯಿತು ಅಂತ ಇಂಥ ಶಾಲೆಗಳು ಮಗುವನ್ನು ವಾಪಸ್ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆಯಂತೆ. ಹೆಡ್‌ಮಾಸ್ಟರೇ ಹೇಳಿದ್ದು.

ಟೀಚರ್ ಅಕ್ಕನನ್ನು ಕೂರಿಸಿ ಸಮಾಧಾನವಾಗಿ ಮಾತಾಡಿದರು. ಮಧ್ಯಾಹ್ನದ ಊಟಕ್ಕೆ ಮಗುವನ್ನು ನಮ್ಮ ಪಕ್ಕದ ಮನೆ ಹುಡುಗಿಯ ಜೊತೆ ಕೂರಿಸುತ್ತಾರೆ. ಮೊದಮೊದಲು ತಟ್ಟೆ ಮುಟ್ಟುತ್ತಿರಲಿಲ್ಲ. ಈಗ ಸಾಂಬಾರು ಕೇಳಿ ಹಾಕಿಸಿಕೊಳ್ಳುತ್ತಾಳೆ! ಟಿಸಿ ಇನ್ನೂ ಬಂದಿಲ್ಲ, ಬಂದಾಗ ಕೊಡಿ ಅಂದಿದ್ದಾರೆ.