ಒಬ್ಬಳೇ ಇರುವವಳ ಮನೆ: ತುರ್ತಿಗೆ ಏನೇನು ಏರ್ಪಾಡು ಬೇಕು?

ಪ್ರಶ್ನೆ
ಮದುವೆ, ಮಕ್ಕಳು ಬೇಡವೆಂದು ಮನಸಾರೆ ನಿರ್ಧರಿಸಿ ನೆಮ್ಮದಿಯಿಂದಿರುವವಳಿಗೆ ಎಲ್ಲರೂ ಕೇಳುವುದು ಒಂದೇ: "ಹುಷಾರು ತಪ್ಪಿದರೆ ಯಾರಿದ್ದಾರೆ?" ಇದಕ್ಕೆ ಮದುವೆಯೇ ಉತ್ತರ ಅಂತ ನನಗನ್ನಿಸುವುದಿಲ್ಲ. ಹಾಗಾದರೆ ಏನು ಸಿದ್ಧತೆ ಇರಬೇಕು?

ಉತ್ತರ 1
ಮೊದಲು ಬಾಗಿಲು. ಇನ್ನೊಂದು ಬೀಗದಕೈ ಹತ್ತು ನಿಮಿಷದಲ್ಲಿ ಬರಬಲ್ಲವರ ಹತ್ತಿರ ಇರಲಿ. ಆದರೆ ಒಳಗಿನ ಚಿಲಕ ಹಾಕಿದ್ದರೆ ಅದು ಇದ್ದೂ ಇಲ್ಲದಂತೆ. ಕೆಲವು ಬೀಗಗಳಲ್ಲಿ ಒಳಗಡೆ ಕೀ ಬಿಟ್ಟಿದ್ದರೂ ಹೊರಗಿನ ಕೀ ತಿರುಗುವುದಿಲ್ಲ, ಇವತ್ತೇ ಪರೀಕ್ಷಿಸಿ. ಬಚ್ಚಲುಮನೆಯದು ಇನ್ನೂ ದೊಡ್ಡ ಚಿಂತೆ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದರೆ ದೇಹವೇ ಅದಕ್ಕೆ ಅಡ್ಡವಾಗುತ್ತದೆ. ಆಗುವುದಾದರೆ ಹೊರಕ್ಕೆ ತೆರೆಯುವಂತೆ ಮಾಡಿಸಿ. ಕನಿಷ್ಠ ಚಿಲಕ ಹಾಕಬೇಡಿ, ಬಿದ್ದಲ್ಲಿಂದಲೇ ಕೈಗೆ ಸಿಗುವಷ್ಟು ಕೆಳಗೆ ಫೋನ್ ಇಡಿ.

ಉತ್ತರ 2
ಫೋನ್‌ನಲ್ಲಿ ತುರ್ತು ಮಾಹಿತಿ ತುಂಬಿ: ರಕ್ತದ ಗುಂಪು, ಅಲರ್ಜಿ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಇಬ್ಬರ ನಂಬರ್. ಲಾಕ್ ಆಗಿದ್ದಾಗಲೂ ಕಾಣುವ ಆಯ್ಕೆ ಆನ್ ಮಾಡದಿದ್ದರೆ ತುಂಬಿಯೂ ಪ್ರಯೋಜನವಿಲ್ಲ. ದಿನಾ ಬೆಳಿಗ್ಗೆ ಗೆಳತಿಗೊಂದು ಮೆಸೇಜ್ ಹಾಕಿ. ಎಷ್ಟು ಗಂಟೆಯೊಳಗೆ ಬರದಿದ್ದರೆ ಅವರು ಏನು ಮಾಡಬೇಕೆಂದು ಮೊದಲೇ ಮಾತಾಡಿಕೊಂಡಿರಿ.

ಉತ್ತರ 3
ವಿಲ್ ಇದೆ, ಸಾಕು ಅನ್ನುವವರು ಗಮನಿಸಿ: ಅದು ಜಾರಿಗೆ ಬರುವುದು ಸಾವಿನ ನಂತರ. ಪ್ರಜ್ಞೆ ತಪ್ಪಿ ಮಲಗಿದ ದಿನಗಳಲ್ಲಿ ಕೆಲಸಕ್ಕೆ ಬಾರದು. ಚಿಕಿತ್ಸೆಯ ನಿರ್ಧಾರ ಯಾರದೆಂದು ಬೇರೆಯೇ ಪತ್ರ ಬೇಕು. ನಿಯಮ ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ವಕೀಲರಿಂದಲೇ ಮಾಡಿಸಿ. ಹಲವು ಕಡೆ ಆಪ್ತ ಗೆಳತಿಯನ್ನೂ ಹೆಸರಿಸಬಹುದು, ರಕ್ತಸಂಬಂಧವೇ ಆಗಬೇಕಿಲ್ಲ.