ಪ್ಲಾಟೊ ದ ಬೇ ಏರಿನಲ್ಲಿ ಮೂರೂವರೆ ನಿಮಿಷ: ಈ ದಾಖಲೆಗಳನ್ನು ಎಷ್ಟು ನಂಬಬಹುದು?

ಏರುದಾರಿ (ಪ್ರಶ್ನೆ)

ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಬೆಟ್ಟದ ಹಂತಗಳನ್ನು ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಕೊನೆಯ ಏರು ಶುರುವಾದದ್ದು ಎಷ್ಟು ಹೊತ್ತಿಗೆ, ಮುಗಿದದ್ದು ಎಷ್ಟು ಹೊತ್ತಿಗೆ, ನಡುವೆ ಯಾರು ಯಾವಾಗ ಮುನ್ನುಗ್ಗಿದರು, ಇಷ್ಟನ್ನು ಬರೆದುಕೊಳ್ಳುತ್ತೇನೆ. ಆ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಪುಟ 2024ರ ಜುಲೈ 14ರದು. ಪ್ಲಾಟೊ ದ ಬೇ: 15.8 ಕಿ.ಮೀ. ಉದ್ದ, ಸರಾಸರಿ ಶೇ. 7.9ರ ಏರು. 1998ರಲ್ಲಿ ಮಾರ್ಕೊ ಪಂತಾನಿ ಅದನ್ನು ಸುಮಾರು 43 ನಿಮಿಷ 30 ಸೆಕೆಂಡುಗಳಲ್ಲಿ ಹತ್ತಿದ್ದರು. ಆ ದಿನ ತದೇಯ್ ಪೊಗಾಚಾರ್ 40 ನಿಮಿಷದೊಳಗೆ ಮುಗಿಸಿದರು. ಎರಡನೆಯವರಾಗಿ ಬಂದ ವಿಂಗೆಗೋರ್, ಮೂರನೆಯವರಾಗಿ ಬಂದ ಎವೆನೆಪೂಲ್ ಕೂಡ ಹಳೆಯ ದಾಖಲೆಯನ್ನು ಹಿಂದಿಕ್ಕಿದರು.

ಅದೂ ಎಂಥ ದಿನ! ಹೊರಟ ಕೂಡಲೇ ಪೇರ್‌ಸೂರ್ದ್ ಏರು, ಒಟ್ಟು 198 ಕಿ.ಮೀ., ಹತ್ತಿರ ಹತ್ತಿರ 4,800 ಮೀಟರ್ ಏರಿಕೆ. ಕಾಲುಗಳು ಸೋತಿರಬೇಕಾದ ಹೊತ್ತಿನಲ್ಲಿ ದಾಖಲೆ ಹೇಗೆ ಬಂತು? ಇಂಥ ಸಮಯಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿದೆಯೇ? ತಿಳಿದವರು ಹೇಳಿ.

ಹಿಂದಿನಚಕ್ರ

ಅರ್ಥವಿದೆ, ಆದರೆ ಗಡಿಯಾರವೊಂದನ್ನೇ ನೋಡಿದರೆ ಸಾಲದು.

ಮೊದಲು ಒಂದು ಮಾತು. ಈ ಏರುಗಳಿಗೆ ಅಧಿಕೃತ ದಾಖಲೆ ಎಂಬುದೇ ಇಲ್ಲ. ಟ್ರ್ಯಾಕ್‌ನಲ್ಲಿ ಒಂದು ಗಂಟೆಯ ದಾಖಲೆಗೆ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ, ತೀರ್ಪುಗಾರರು, ಮುದ್ರೆ ಎಲ್ಲ ಇವೆ. ಏರಿನ ಸಮಯ ಮಾತ್ರ ಆಸಕ್ತರು ಟಿ.ವಿ. ದೃಶ್ಯ ನೋಡಿ ಅಳೆದದ್ದು. ಹಾಗಾಗಿ ಮೊದಲ ತಕರಾರು ಎಲ್ಲಿಂದ ಅಳೆಯಬೇಕು ಎನ್ನುವುದರಲ್ಲೇ ಹುಟ್ಟುತ್ತದೆ. ಆಲ್ಪ್ ದ್ಯುಯೆಜ್ ಎಂಬ ಹೆಸರಾಂತ ಏರಿಗೆ ಬುಡದಲ್ಲಿ 21ರಿಂದ ಮೇಲೆ 1ರವರೆಗೆ ಇಳಿಯೆಣಿಕೆಯ ತಿರುವುಗಳಿವೆ. ಅಷ್ಟು ಚೆನ್ನಾಗಿ ಗುರುತು ಹಾಕಿದ ದಾರಿಯಲ್ಲೂ ಕೆಲವರು 13.8 ಕಿ.ಮೀ. ಅಳೆದರೆ ಕೆಲವರು 14.5 ಕಿ.ಮೀ. ಅಳೆಯುತ್ತಾರೆ. ಪಂತಾನಿಯ 1997ರ 37 ನಿಮಿಷ 35 ಸೆಕೆಂಡು ಬಹುಕಾಲ ದಾಖಲೆ ಎನಿಸಿಕೊಂಡಿತ್ತು. ಹಳೆಯ ದೃಶ್ಯಗಳನ್ನು ಇಟ್ಟುಕೊಂಡು ಮತ್ತೆ ಅಳೆದವರು ಅವರ 1995ರ ಏರೇ ಹೆಚ್ಚು ವೇಗದ್ದು ಎನ್ನುತ್ತಾರೆ.

ಎರಡನೆಯದು ಗಾಳಿ. ಏರಿನಲ್ಲಿ ಗಾಳಿಯ ಲೆಕ್ಕವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸವಾರ 65 ಕೆ.ಜಿ., ಸೈಕಲ್ಲು ಬಟ್ಟೆ ಬಾಟಲಿ ಸೇರಿ 8 ಕೆ.ಜಿ. ಎಂದುಕೊಳ್ಳಿ. ಬೇ ಏರನ್ನು 40 ನಿಮಿಷದಲ್ಲಿ ಹತ್ತಬೇಕಾದರೆ ಗಂಟೆಗೆ 23.7 ಕಿ.ಮೀ. ವೇಗ ಬೇಕು. ಆ ವೇಗದಲ್ಲಿ ಭಾರವನ್ನು ಮೇಲೆತ್ತುವುದಕ್ಕೇ ಸುಮಾರು 370 ವ್ಯಾಟ್ ಹೋಗುತ್ತದೆ. ಗಾಳಿ ಸ್ತಬ್ಧವಾಗಿದ್ದರೆ ಅದನ್ನು ಸೀಳಲು 45ರ ಆಸುಪಾಸು ಸಾಕು. ಸೆಕೆಂಡಿಗೆ ಬರೀ 2 ಮೀಟರಿನ ಎದುರುಗಾಳಿ ಬಂದರೆ ಅದು 80ಕ್ಕೆ ಏರುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ 25ರೊಳಗೆ ಇಳಿಯುತ್ತದೆ. ಎಲೆ ಅಲುಗಾಡುವಷ್ಟು ಗಾಳಿ ಅದು, ವ್ಯತ್ಯಾಸ ಮಾತ್ರ 50 ವ್ಯಾಟಿಗೂ ಮೇಲೆ! ದಾರಿ ಸುತ್ತಿ ಸುತ್ತಿ ಹೋಗುವುದರಿಂದ ಒಂದಷ್ಟು ಸರಿಹೋಗುತ್ತದೆ, ಪೂರ್ತಿ ಅಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಆ ದಿನ ಬೇ ಏರಿನ ಬುಡದಿಂದಲೇ ಜಾರ್ಗೆನ್ಸನ್ ತಮ್ಮ ನಾಯಕ ವಿಂಗೆಗೋರ್‌ಗಾಗಿ ಮುಂದೆ ನಿಂತು ಬಿರುಸಿನ ವೇಗ ಇಟ್ಟರು. ಇನ್ನೂ 10 ಕಿ.ಮೀ.ಗೂ ಹೆಚ್ಚು ಇರುವಾಗಲೇ ವಿಂಗೆಗೋರ್ ಹೊರಟರು. ಪೊಗಾಚಾರ್ ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಗಾಳಿಗೆ ಮರೆಯಾಗಿಯೇ ಬಂದು, ಕೊನೆಯ ಐದು ಚಿಲ್ಲರೆ ಕಿ.ಮೀ. ಮಾತ್ರ ಒಬ್ಬರೇ ಹೋದರು. ಇಡೀ ಏರಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಧಾನಿಸಿದ ಗಳಿಗೆಯೇ ಇರಲಿಲ್ಲ. ಆ ದಾಖಲೆಯ ಅರ್ಧ ಪಾಲು ವಿಂಗೆಗೋರ್ ಅವರದು ಎಂದೇ ನಾನು ಹೇಳುತ್ತೇನೆ. ಸೋತವರ ಧೈರ್ಯವಿಲ್ಲದೆ ಇಂಥ ಸಮಯ ಬರುವುದಿಲ್ಲ.

ಕಾಲು ಏಕೆ ಸೋಲಲಿಲ್ಲ ಎಂದಿರಿ. ಒಂದು ದೊಡ್ಡ ಕಾರಣ ಆಹಾರ. ಈಗಿನ ಸವಾರರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೊಹೈಡ್ರೇಟ್ ಸೇವಿಸುತ್ತಾರೆ. ಹಿಂದೆ 60 ಗ್ರಾಂ ಎಂದರೆ ಮಿತಿ ಎನ್ನುತ್ತಿದ್ದರು. ಐದನೆಯ ಗಂಟೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಗಲವಾದ ಟೈರು, ಏರಿಗೆ ತಕ್ಕ ಹಗುರ ಗಿಯರು, ಮೈಗಂಟುವ ಉಡುಪು ಇವೆಲ್ಲ ಸೇರಿ ಇನ್ನಷ್ಟು ವ್ಯಾಟ್ ಉಳಿಸಿಕೊಡುತ್ತವೆ.

ಕೆಂಪುಚುಕ್ಕೆ

ಎಲ್ಲ ಸರಿ, ಆದರೆ ದೊಡ್ಡ ವಿಷಯವನ್ನು ಬಿಟ್ಟಿರಿ. 1998ರ ಟೂರ್ ಉದ್ದೀಪನ ಮದ್ದಿನ ಕಾಲದ್ದು ಎಂದು ಎಲ್ಲರಿಗೂ ಗೊತ್ತು. ಆಗ ರಕ್ತದ ಕೆಂಪು ಕಣ ಹೆಚ್ಚಿಸುವ ಇಪಿಒ ಎಂಬ ಮದ್ದನ್ನು ಪತ್ತೆ ಹಚ್ಚುವ ಪರೀಕ್ಷೆಯೇ ಇರಲಿಲ್ಲ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 50 ದಾಟಬಾರದು ಎಂಬ ಮಿತಿಯಷ್ಟೇ ಇತ್ತು. ಮರುವರ್ಷ ಇಟಲಿಯ ಜಿರೊ ಪಂದ್ಯದಲ್ಲಿ ಪಂತಾನಿ ಆ ಮಿತಿ ಮೀರಿ ಹೊರಬಿದ್ದರು. ಅಂಥವರ ಸಮಯವನ್ನು ಮೂರೂವರೆ ನಿಮಿಷ ಹಿಂದಿಕ್ಕಿದರೆ ಕಣ್ಣುಮುಚ್ಚಿ ಚಪ್ಪಾಳೆ ಹೊಡೆಯಲು ನನಗೆ ಮನಸ್ಸು ಬಾರದು.

ಹಿಂದಿನಚಕ್ರ

ಪ್ರಶ್ನೆ ಕೇಳಲೇಬೇಕು, ಒಪ್ಪುತ್ತೇನೆ. ಆದರೆ ಸಮಯವನ್ನೇ ಸಾಕ್ಷಿಯಾಗಿ ನಿಲ್ಲಿಸಬೇಡಿ, ಅದು ಎರಡೂ ಕಡೆ ಮಾತನಾಡುತ್ತದೆ. ಓತಕಾಮ್ ಏರನ್ನೇ ತೆಗೆದುಕೊಳ್ಳಿ. 1996ರಲ್ಲಿ ಬ್ಯಾರ್ನೆ ರೀಸ್ ಅಲ್ಲಿ ಮಾಡಿದ್ದನ್ನು ನೋಡಿದವರು ಮರೆಯಲಾರರು. ಮುಂದಿದ್ದ ರೀಸ್ ಬೇಕೆಂದೇ ನಿಧಾನಿಸಿ ಸಾಲಿನ ಉದ್ದಕ್ಕೂ ಹಿಂದೆ ಜಾರಿ, ಒಬ್ಬೊಬ್ಬ ಎದುರಾಳಿಯ ಮುಖವನ್ನೂ ನೋಡಿ, ಮತ್ತೆ ಮುಂದೆ ಬಂದು ಹೊರಟುಹೋದರು. ಹಾಗೆ ತಡಮಾಡಿಯೂ 35 ನಿಮಿಷದೊಳಗೆ ಹತ್ತಿದರು! ತಾವು ಇಪಿಒ ಬಳಸಿದ್ದಾಗಿ 2007ರಲ್ಲಿ ಅವರೇ ಒಪ್ಪಿಕೊಂಡರು. 2025ರಲ್ಲಿ ಪೊಗಾಚಾರ್ ಅದೇ ಏರಿನಲ್ಲಿ ವಿಂಗೆಗೋರ್‌ರನ್ನು 2 ನಿಮಿಷ 10 ಸೆಕೆಂಡು ಹಿಂದೆ ಬಿಟ್ಟರು. ಆದರೂ ರೀಸ್ ಅವರ ಸಮಯ ಮುಟ್ಟಲಿಲ್ಲ, 35 ನಿಮಿಷ ದಾಟಿತು. ಏಕೆಂದರೆ ಪೊಗಾಚಾರ್ ಆ ದಿನ ಬುಡದಲ್ಲೇ ಉಳಿದವರನ್ನು ಬಿಟ್ಟು ಮುಂದೆ ಹೋಗಿ ಸುಮಾರು 12 ಕಿ.ಮೀ. ಒಬ್ಬರೇ ಗಾಳಿಗೆ ಎದೆಯೊಡ್ಡಿದರು. ಬೇ ದಾಖಲೆಯಿಂದ ಅನುಮಾನ ಪಡುವವರು ಓತಕಾಮ್ ನೋಡಿ ಸಮಾಧಾನ ಪಡಬೇಕೇ? ಎರಡೂ ತಪ್ಪು. ಪರೀಕ್ಷೆ, ಜೈವಿಕ ಪಾಸ್‌ಪೋರ್ಟ್ (ಸವಾರನ ರಕ್ತದ ಅಳತೆಗಳ ಸತತ ದಾಖಲೆ), ತನಿಖೆ ಇವು ಹೇಳಬೇಕಾದ ಮಾತನ್ನು ಗಡಿಯಾರದ ಬಾಯಿಗೆ ತುರುಕಬಾರದು.

ಏರುದಾರಿ

ಹಾಗಾದರೆ ನನ್ನ ಪುಸ್ತಕದಲ್ಲಿ ಏನೇನು ಬರೆದುಕೊಳ್ಳಲಿ?

ಹಿಂದಿನಚಕ್ರ

ಎಲ್ಲಿಂದ ಅಳೆದಿರಿ ಎಂಬುದನ್ನು ಗುರುತು ಸಮೇತ ಬರೆಯಿರಿ, ಸೇತುವೆಯೋ ತಿರುವೋ ಫಲಕವೋ. ಧ್ವಜಗಳು ಯಾವ ಕಡೆ ಹಾರುತ್ತಿದ್ದವು ಎನ್ನುವುದನ್ನೂ ಬರೆಯಿರಿ. ಎಷ್ಟು ಕಿ.ಮೀ. ಇನ್ನೊಬ್ಬರ ಹಿಂದೆ, ಎಷ್ಟು ಕಿ.ಮೀ. ಒಬ್ಬರೇ ಎಂಬುದು ಎಲ್ಲಕ್ಕಿಂತ ಮುಖ್ಯ. ಏರಿಗೆ ಮೊದಲು ದಿನ ಹೇಗಿತ್ತು ಎಂಬುದಕ್ಕೂ ಒಂದು ಸಾಲು ಬಿಡಿ. ಮೋಂ ವಾಂತುವಿನಲ್ಲಿ ಇಬಾನ್ ಮಾಯೊ ಅವರ 55 ನಿಮಿಷ 51 ಸೆಕೆಂಡು ಬಂದದ್ದು 2004ರ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಪಂದ್ಯ), ಅಂದರೆ ದಣಿಯದ ಕಾಲಿನಲ್ಲಿ. 2025ರಲ್ಲಿ ಅದು ಮುರಿದದ್ದು ದಿನವಿಡೀ ಸಪಾಟಾಗಿ ಸಾಗಿ ಬಂದು ವಾಂತು ಒಂದನ್ನೇ ಹತ್ತಿದ ಹಂತದಲ್ಲಿ.

ಕೆಂಪುಚುಕ್ಕೆ

ಇನ್ನೊಂದು ಪುಟವನ್ನು 2024ರ ಆಗಸ್ಟ್ 18ಕ್ಕೆ ಮೀಸಲಿಡಿ. ಮಹಿಳೆಯರ ಟೂರ್‌ನ ಕೊನೆಯ ಹಂತ, ಆಲ್ಪ್ ದ್ಯುಯೆಜ್. ಒಟ್ಟು ಸಮಯದಲ್ಲಿ 1 ನಿಮಿಷ 15 ಸೆಕೆಂಡು ಹಿಂದಿದ್ದ ಡೆಮಿ ವೊಲ್ಲೆರಿಂಗ್ ಹಿಂದಿನ ಗ್ಲಾಂಡೊನ್ ಏರಿನಲ್ಲೇ ಹೊರಟು ಹಂತ ಗೆದ್ದರು. ಹಿಂದೆ ಕಾಸಿಯಾ ನಿಯೆವ್ಯಾಡೊಮಾ ಒಟ್ಟಾರೆ ಮುಂದಿರುವವರ ಹಳದಿ ಜೆರ್ಸಿ ಉಳಿಸಿಕೊಂಡದ್ದು ಕೇವಲ 4 ಸೆಕೆಂಡಿನಲ್ಲಿ. ಅಲ್ಲಿ ಯಾವ ಹಳೆಯ ದಾಖಲೆಯನ್ನೂ ಯಾರೂ ನೆನೆಯಲಿಲ್ಲ, ಕೊನೆಯ ತಿರುವಿನ ತನಕ ನಾನು ಕುರ್ಚಿಯ ಮೇಲೆ ಕೂರಲೂ ಇಲ್ಲ.