ಕಾಂಪೊಸಿಟ್ ಫರ್ಮಿಯಾನ್: 1/2 ಫಿಲ್ಲಿಂಗ್‌ನಲ್ಲಿ ಫೀಲ್ಡ್ ಎಲ್ಲಿ ಹೋಗುತ್ತೆ?

ಸುಳಿಗಾಳಿ:
ಎಂ.ಎಸ್‌ಸಿ. ಎರಡನೇ ವರ್ಷ. ಮುಂದಿನ ವಾರ ಫ್ರ್ಯಾಕ್ಷನಲ್ ಕ್ವಾಂಟಮ್ ಹಾಲ್ ಎಫೆಕ್ಟ್ ಮೇಲೆ ಸೆಮಿನಾರ್ ಕೊಡಬೇಕು. (ತೆಳು ಪದರದ ಎಲೆಕ್ಟ್ರಾನ್‌ಗಳನ್ನು ಚೆನ್ನಾಗಿ ತಣಿಸಿ ಜೋರು ಮ್ಯಾಗ್ನೆಟಿಕ್ ಫೀಲ್ಡ್‌ನಲ್ಲಿಟ್ಟರೆ, ಕರೆಂಟಿಗೆ ಅಡ್ಡಲಾಗಿ ಅಳೆಯುವ ಹಾಲ್ ರೆಸಿಸ್ಟೆನ್ಸ್ ಕೆಲವು ಭಿನ್ನರಾಶಿಗಳಲ್ಲಿ ಮಟ್ಟಸವಾಗಿ ನಿಲ್ಲುತ್ತಲ್ಲ, ಅದು.) 1982ರಲ್ಲಿ ತ್ಸುಯಿ, ಸ್ಟೋರ್ಮರ್, ಗೊಸಾರ್ಡ್ 1/3 ಕಂಡದ್ದು, ಮರುವರ್ಷ ಲಾಫ್ಲಿನ್ ಅದಕ್ಕೆ ವೇವ್ ಫಂಕ್ಷನ್ ಬರೆದದ್ದು, ಅಲ್ಲಿವರೆಗೆ ಸರಿ. ಜೈನೇಂದ್ರ ಜೈನ್ ಅವರ 1989ರ ಕಾಂಪೊಸಿಟ್ ಫರ್ಮಿಯಾನ್ ಬಂದಾಗ ಸಿಕ್ಕಿಬಿದ್ದೆ. ಒಂದೊಂದು ಎಲೆಕ್ಟ್ರಾನ್ ಎರಡೆರಡು ಫ್ಲಕ್ಸ್ ಕ್ವಾಂಟಮ್ ಹಿಡಿದುಕೊಳ್ಳುತ್ತಂತೆ, 1/2 ಫಿಲ್ಲಿಂಗ್‌ನಲ್ಲಿ ಉಳಿಯುವ ಫೀಲ್ಡ್ ಸೊನ್ನೆಯಂತೆ. (ಫ್ಲಕ್ಸ್ ಕ್ವಾಂಟಮ್ ಅಂದ್ರೆ ಫೀಲ್ಡನ್ನು ಎಣಿಸುವ ಚಿಕ್ಕ ಕಂತು, ಫಿಲ್ಲಿಂಗ್ ಅಂದ್ರೆ ಅಂಥ ಒಂದು ಕಂತಿಗೆ ಎಷ್ಟು ಎಲೆಕ್ಟ್ರಾನ್ ಅನ್ನೋದು.) ಹಾಗಾದ್ರೆ ಅಲ್ಲೊಂದು ಫೀಲ್ಡ್ ಅಳೆಯುವ ಹಾಲ್ ಪ್ರೋಬ್ ಇಟ್ಟರೆ ಸೊನ್ನೆ ತೋರಿಸುತ್ತಾ? ಇನ್ನು ಕೆಲವರು ಮೂರು ಫ್ಲಕ್ಸ್ ಅಂಟಿಸಿ ಬೋಸಾನ್ ಅಂತಾರೆ. ಯಾವುದನ್ನು ನಂಬಲಿ? ಮೇಷ್ಟ್ರನ್ನು ಕೇಳಿದರೆ "ಫಾರ್ಮುಲಾ ಬರಿ, ಸಾಕು" ಅಂದರು.

ಹೀಲಿಯಂ ಮಾವ:
ಪ್ರೋಬ್ ಪೂರ್ತಿ ಫೀಲ್ಡನ್ನೇ ತೋರಿಸುತ್ತದೆ. ಎಲೆಕ್ಟ್ರಾನ್ ಏನನ್ನೂ ನುಂಗಿಲ್ಲ.

ನನಗೂ ಇದು ಪುಸ್ತಕದಿಂದ ತಲೆಗೆ ಹತ್ತಲಿಲ್ಲ. ಪಿಎಚ್‌ಡಿ ದಿನಗಳಲ್ಲಿ ಕಡಲೆಬೇಳೆಯಷ್ಟು ಗ್ಯಾಲಿಯಂ ಆರ್ಸೆನೈಡ್ ಅನ್ನುವ ಸೆಮಿಕಂಡಕ್ಟರ್ ಚೂರಿಗೆ ಎಂಟು ಇಂಡಿಯಂ ಕಾಂಟ್ಯಾಕ್ಟ್ ಹಾಕಿದ್ದೆ. ತಣ್ಣಗಾಗುವಷ್ಟರಲ್ಲಿ ಎರಡು ಕೈಕೊಟ್ಟವು. (ಬೆಸುಗೆ ಹಾಕಿದ್ದು ನಾನೇ, ಬೈಯೋಕೆ ಬೇರೆ ಯಾರೂ ಇರಲಿಲ್ಲ.) ಚದರ ಸೆಂಟಿಮೀಟರಿಗೆ ಸುಮಾರು ಹತ್ತು ಸಾವಿರ ಕೋಟಿ ಎಲೆಕ್ಟ್ರಾನ್. ರಾತ್ರಿಯಿಡೀ ಮ್ಯಾಗ್ನೆಟ್ಟನ್ನು ನಿಧಾನಕ್ಕೆ ಏರಿಸಿದೆವು. 9.65 ಟೆಸ್ಲಾದಲ್ಲಿ 3/7, 10.34ರಲ್ಲಿ 2/5, 12.4ರಲ್ಲಿ 1/3. ಆ 1/3ರಲ್ಲಿ ಹಾಲ್ ರೆಸಿಸ್ಟೆನ್ಸ್ 77.4 ಕಿಲೋ ಓಮ್‌ಗೆ ಬಂದು ಮೇಜಿನ ಹಾಗೆ ಮಟ್ಟಸವಾಗಿ ನಿಂತಿತು. 1/2 ಇರುವ 8.27 ಟೆಸ್ಲಾದಲ್ಲಿ ಮಾತ್ರ ಮಟ್ಟವೇ ಇಲ್ಲ, ಸುಮ್ನೆ ಓರೆ ಗೆರೆ.

ಬೆಳಗಿನ ಜಾವ ಸೀನಿಯರ್ ಒಬ್ಬರು ಬಂದು, "ಎಲ್ಲದರಿಂದ 8.27 ಕಳಿ" ಅಂದರು. ಕಳೆದೆ. 1.38, 2.07, 4.13. ಅದೇ ಶೀಟಿನ ಎಡತುದಿ ನೋಡಿದರೆ ಮಾಮೂಲಿ ಇಂಟಿಜರ್ ಹಾಲ್‌ನ (ಪೂರ್ಣಸಂಖ್ಯೆ ಫಿಲ್ಲಿಂಗ್‌ಗಳ) 3, 2, 1 ಕೂತಿರುವುದೂ ಅಲ್ಲೇ! ಅರ್ಧದ ಜಾಗವನ್ನೇ ಸೊನ್ನೆ ಅಂದುಕೊಂಡರೆ ಗ್ರಾಫ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಿದ್ದೆ ಹಾರಿಹೋಯಿತು.

ಸುಳಿಗಾಳಿ:
ಅಬ್ಬಾ! ಆದ್ರೆ ಫೀಲ್ಡ್ ಹಾಗೇ ಇದ್ದರೆ ಕಮ್ಮಿಯಾದದ್ದು ಏನು?

ಹೀಲಿಯಂ ಮಾವ:
ಫೇಸ್‌ನ ಲೆಕ್ಕ, ಅಂದರೆ ಎಲೆಕ್ಟ್ರಾನಿನ ಅಲೆ ಎಷ್ಟು ತಿರುಗಿದೆ ಅನ್ನುವುದು. ಎಲೆಕ್ಟ್ರಾನ್ ಒಂದು ಸುತ್ತು ಹಾಕಿ ಬಂದರೆ, ಆ ಸುತ್ತಿನೊಳಗಿರುವ ಒಂದೊಂದು ಫ್ಲಕ್ಸ್ ಕ್ವಾಂಟಮ್‌ಗೆ ಫೇಸ್ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಆದರೆ ಎಲೆಕ್ಟ್ರಾನ್‌ಗಳಿಗೆ ಒಂದನ್ನು ಕಂಡರೆ ಒಂದಕ್ಕಾಗದು. ದೂರ ಇರೋಕೆ ಪ್ರತಿಯೊಂದೂ ತನ್ನ ಸುತ್ತ ಎರಡು ಸುಳಿ ಇಟ್ಟುಕೊಳ್ಳುತ್ತದೆ, ಬೇರೆಯವು ಸುಳಿಯ ನಡುವೆ ಬರುವಂತಿಲ್ಲ. ಈ ಸುಳಿಗಳಿಂದಾಗಿ, ಸುತ್ತಿನೊಳಗೆ ಸಿಕ್ಕ ಒಂದೊಂದು ಎಲೆಕ್ಟ್ರಾನ್‌ಗೂ ಫೇಸ್ ಎರಡು ಸುತ್ತು ಉಲ್ಟಾ. 1/2ರಲ್ಲಿ ಎಲೆಕ್ಟ್ರಾನಿಗೆ ಎರಡೇ ಫ್ಲಕ್ಸ್, ಅಲ್ವಾ? ಲೆಕ್ಕ ಚುಕ್ತಾ.

ಬರೀ ಕಾಗದದ ಆಟ ಅನ್ನಿಸಿದರೆ 1993ರ ಪ್ರಯೋಗ ನೋಡಿ. ಚೂರಿನಲ್ಲಿ ಸಾಲಾಗಿ ಸಣ್ಣ ತೂತು ಕೊರೆದರು. ಫೀಲ್ಡ್‌ನಲ್ಲಿ ಕಣ ತಿರುಗುವ ವೃತ್ತ ತೂತನ್ನು ಸರಿಯಾಗಿ ಬಳಸುವಷ್ಟು ಅಗಲವಾದಾಗ ರೆಸಿಸ್ಟೆನ್ಸ್ ಏರುತ್ತದೆ. 1/2ರ ಅಕ್ಕಪಕ್ಕ ಆ ಏರು ಬಂದದ್ದು ಉಳಿದ ಚಿಕ್ಕ ಫೀಲ್ಡ್‌ನ ಲೆಕ್ಕಕ್ಕೆ, ಮ್ಯಾಗ್ನೆಟ್ಟಿನ ಪೂರ್ತಿ ಫೀಲ್ಡ್‌ಗಲ್ಲ.

ಗಣಿತದ ಗೀಳು:
ಬೋಸಾನ್ ವಿಷಯ ನಾನು ಹೇಳ್ತೀನಿ. ಎರಡು ಎಲೆಕ್ಟ್ರಾನ್ ಜಾಗ ಬದಲಿಸಿಕೊಂಡರೆ ವೇವ್ ಫಂಕ್ಷನ್‌ಗೆ ಮೈನಸ್ ಬರುತ್ತದೆ. ಹೀಗೆ ಮೈನಸ್ ಬಂದರೆ ಫರ್ಮಿಯಾನ್, ಬಾರದಿದ್ದರೆ ಬೋಸಾನ್. ಅಂಟಿಸಿದ ಒಂದೊಂದು ಫ್ಲಕ್ಸ್‌ಗೂ ಇನ್ನೊಂದು ಮೈನಸ್. ಎರಡು ಅಂಟಿಸಿದರೆ ಫರ್ಮಿಯಾನೇ, ಮೂರಾದರೆ ಬೋಸಾನ್. 1/3ರಲ್ಲಿ ಎಲೆಕ್ಟ್ರಾನಿಗೆ ಮೂರು ಫ್ಲಕ್ಸ್, ಬೋಸಾನ್‌ಗೆ ಸರಾಸರಿ ಫೀಲ್ಡ್ ಸೊನ್ನೆ, ಅವೆಲ್ಲ ಸೂಪರ್‌ಫ್ಲೂಯಿಡ್ (ತಡೆಯಿಲ್ಲದೆ ಹರಿಯುವ ದ್ರವ) ತರಹ ಒಟ್ಟಾಗುತ್ತವೆ. ಇದು ಜಾಂಗ್, ಹಾನ್ಸನ್, ಕಿವೆಲ್ಸನ್ ದಾರಿ, ಅದೂ 1989ರದ್ದೇ. 1/3ಕ್ಕೆ ಇದೇ ಚೆಂದ ಅಂತ ನನ್ನ ಅನಿಸಿಕೆ.

ಹೀಲಿಯಂ ಮಾವ:
ಚೆಂದ ಸರಿ, 2/5ಕ್ಕೆ ಬಂದರೆ? ಮೊದಲನೆಯದರ ಮೇಲೆ ಇನ್ನೊಂದು ಮಹಡಿ ಕಟ್ಟಬೇಕು, 3/7ಕ್ಕೆ ಮತ್ತೊಂದು. ಫರ್ಮಿಯಾನ್‌ನಲ್ಲಿ ನೋಡಿ: ಎರಡು ಎಲೆಕ್ಟ್ರಾನಿಗೆ ಐದು ಫ್ಲಕ್ಸ್, ನಾಲ್ಕು ವಜಾ, ಉಳಿದದ್ದು ಒಂದು. ಎರಡಕ್ಕೆ ಒಂದು ಅಂದರೆ ಫಿಲ್ಲಿಂಗ್ 2. ಮುಗೀತು. ಲ್ಯಾಬಿನವನಿಗೆ ಇಷ್ಟು ಸಾಕು.

ಸುಳಿಗಾಳಿ:
ಹಾಸ್ಟೆಲ್‌ನಲ್ಲಿ ಇಂಥ ಗ್ರಾಫ್ ಒಂದರ ಎರಡು ಪ್ರಿಂಟ್ ತೆಗೆದು, 1/2ರ ಜಾಗವನ್ನು ಸೊನ್ನೆಗೆ ಸರಿಸಿ, ಕಿಟಕಿ ಗಾಜಿಗೆ ಹಿಡಿದು, ಒಂದರ ಮೇಲೊಂದು ಇಟ್ಟು ನೋಡಿದೆ. ಕೂರುತ್ತೆ! ರೂಮ್‌ಮೇಟ್‌ಗೆ ನನಗೆ ಹುಚ್ಚು ಅನ್ನಿಸಿದೆ. ಆದ್ರೆ ಬಲಭಾಗ ಮಾತ್ರ ಕೂತಿತು. ಎಡಕ್ಕಿರುವ 2/3, 3/5 ಏನು ಮಾಡಲಿ?

ಹೀಲಿಯಂ ಮಾವ:
ಕಾಗದ ಮಗುಚಿ ಹಾಕಿ. ಅಲ್ಲಿ ಉಳಿದ ಫೀಲ್ಡ್ ಉಲ್ಟಾ ದಿಕ್ಕಿನದು.

ಸುಳಿಗಾಳಿ:
ಮಗುಚಿದೆ. 2/3ರದ್ದು 2ರ ಮೇಲೆ, 3/5ರದ್ದು 3ರ ಮೇಲೆ ಕೂತಿತು. ಇನ್ನು ಮೇಷ್ಟ್ರು 5/2 ಬಗ್ಗೆ ಕೇಳಿದರೆ?

ಗಣಿತದ ಗೀಳು:
ಅಲ್ಲಿ ಕಾಂಪೊಸಿಟ್ ಫರ್ಮಿಯಾನ್‌ಗಳು ಜೋಡಿ ಕಟ್ಟುತ್ತವೆ, ಮೂರ್ ಮತ್ತು ರೀಡ್, 1991, ಅಂತ ಹೇಳಿ ಕೂತ್ಕೊಳ್ಳಿ. ಎರಡನೇ ಪ್ರಶ್ನೆ ಬರೋಕೆ ಮೊದಲು.